ವಾಲಿದವರ ಮೇಲೆ ಬಿಸಿಲು

ಮುಕ್ಕಾಲು ಎಕರೆ ನೆರಳನ್ನು ಇಪ್ಪತ್ತೆರಡು ವರ್ಷ ನನ್ನ ನಾಲಿಗೆಯ ತುದಿಯ ಮೇಲೆ ಎತ್ತಿ ಹಿಡಿದವನು ನಾನು. ಒಂದು ದಿನವೂ ಕೆಳಗಿಟ್ಟವನಲ್ಲ. ಸೀನು ಬಂದರೂ ತಡೆದುಕೊಂಡಿದ್ದೇನೆ, ನೆರಳು ಅಲ್ಲಾಡಿ ಕೆಳಗೆ ಕೂತವರ ಬುತ್ತಿಯಲ್ಲಿ ಬಿಸಿಲು ಬಿದ್ದೀತೆಂದು. ನಂಬದವರು ನಮ್ಮೂರಿಗೆ ಬಂದು ನೋಡಬಹುದು. ದಾರಿಯನ್ನು ಮಾತ್ರ ನಾನು ಹೇಳಲಾರೆ, ಏಕೆಂದರೆ ನಮ್ಮೂರಿಗೆ ಬರುವ ಒಂದೇ ಬಸ್ಸಿನ ಕಂಡಕ್ಟರನಿಗೂ ಅದು ಯಾವ ಊರಾದ ಮೇಲೆ ಬರುತ್ತದೆಂಬುದು ಖಚಿತವಿಲ್ಲ.

ಊರ ನಡುವಿನ ಬಯಲಿನಲ್ಲಿ ಆ ನೆರಳು ಇದೆ. ಮರ ಇಲ್ಲ. ಹಿಂದೆ ಇದ್ದದ್ದನ್ನು ಕಂಡವರೂ ಇಲ್ಲ. ನೆಲದ ಮೇಲೆ ಏಳು ಕೊಂಬೆ, ಲೆಕ್ಕವಿಲ್ಲದಷ್ಟು ಸಣ್ಣ ಎಲೆ, ಎಲೆಗಳ ನಡುವೆ ಚುಕ್ಕಿಚುಕ್ಕಿಯಾದ ಬೆಳಕು. ಫಾಲ್ಗುಣದಲ್ಲಿ ಎಲೆಯ ನೆರಳು ಉದುರಿ ತೆಳುವಾಗುತ್ತದೆ, ಯುಗಾದಿಯ ಹೊತ್ತಿಗೆ ಮತ್ತೆ ಚಿಗುರುತ್ತದೆ. ಒಮ್ಮೊಮ್ಮೆ ಹಕ್ಕಿಯ ನೆರಳೊಂದು ಬಂದು ಕೊಂಬೆಯ ನೆರಳಿನ ಮೇಲೆ ಕೂತು ರೆಕ್ಕೆ ಕೆದರಿಕೊಳ್ಳುತ್ತದೆ. ಮೇಲೆ ನೋಡಿದರೆ ಬರೀ ಆಕಾಶ. ಆಡುಗಳು ಹಿಂಗಾಲ ಮೇಲೆ ನಿಂತು, ಇಲ್ಲದ ಟೊಂಗೆಗೆ ಬಾಯಿ ಹಾಕಿ, ಮತ್ತೆ ಸಪ್ಪಗೆ ಇಳಿಯುತ್ತವೆ. ಹಸಿರೆಂಬುದೇ ಕಾಣದ ನಮ್ಮೂರಿನಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಕಲ್ಲು ಕಾದು ಚಟಚಟ ಎನ್ನುವಾಗ, ಇಡೀ ಊರು ಬಂದು ಆ ನೆರಳಿನಲ್ಲಿ ಕೂರುತ್ತದೆ.

ಎಲ್ಲರಿಗೂ ಅದು ತಂಪು ಕೊಡುವುದಿಲ್ಲ. ‘ಇದಕ್ಕೊಂದು ಕಾರಣ ಇದ್ದೇ ಇದೆ’ ಎಂದು ಮನಸ್ಸಿನಲ್ಲಿ ತೀರ್ಮಾನ ಮಾಡಿದವರ ಎಡಗಡೆಗೆ ಬಿಸಿಲು ಬೀಳುತ್ತದೆ. ‘ಇದು ಪವಾಡವೇ ಸರಿ’ ಎಂದು ತೀರ್ಮಾನ ಮಾಡಿದವರ ಬಲಗಡೆಗೆ ಬೀಳುತ್ತದೆ. ಯಾವುದೆಂದು ತಿಳಿಯದೆ ನಡುವೆ ತೂಗಾಡುವವರಿಗೆ ಮಾತ್ರ ಪೂರ್ತಿ ನೆರಳು. ಹಾಗಾಗಿ ನಮ್ಮೂರ ಪೂಜಾರಿ ನೆರಳಿನ ನಟ್ಟನಡುವೆ ಕೊಡೆ ಬಿಚ್ಚಿಕೊಂಡು ಕೂರುತ್ತಾನೆ. ಕರೆಂಟಿನ ಲೈನ್‌ಮನ್ನೂ ಅವನ ಪಕ್ಕದಲ್ಲೇ ಕೊಡೆ ಬಿಚ್ಚಿಕೊಂಡು ಕೂರುತ್ತಾನೆ. ಇಬ್ಬರ ಕೊಡೆಯೂ ಬೇರೆ ಬೇರೆ ಕೈಯಲ್ಲಿ. ಮಕ್ಕಳಿಗೆ, ನಾಯಿಗಳಿಗೆ ಯಾವ ತೊಂದರೆಯೂ ಇಲ್ಲ. ದಾರಿಯಲ್ಲಿ ಎದುರಾದವರು ಊಟ ಆಯಿತೇ ಎಂದು ಕೇಳುವುದಿಲ್ಲ. “ಯಾ ಕಡೆ ವಾಲೀರಿ?” ಎಂದು ಕೇಳುತ್ತಾರೆ.

ವಾಲಿದವರನ್ನು ಸರಿಮಾಡುವ ಕೆಲಸ ನನ್ನದು ಮತ್ತು ಅಂಬಕ್ಕನದು. ಅಂಬಕ್ಕ ಸರ್ವೆ ಇಲಾಖೆಯಲ್ಲಿ ಮೂವತ್ತು ವರ್ಷ ಸರಪಳಿ ಹಿಡಿದು ನೆಲ ಅಳೆದವಳು. ಬಲಗಡೆ ಬಿಸಿಲು ಬಿದ್ದವರು ಅವಳ ಬಳಿಗೆ ಹೋಗುತ್ತಾರೆ. ಅವಳು ಮೂಡಲ ದಿಕ್ಕಿನ ಗುಡ್ಡದ ಸೀಳನ್ನು ತೋರಿಸಿ, ಕೆರೆಯ ನೀರಿನ ಹೊಳಪನ್ನು ತೋರಿಸಿ, ಕೋನಗಳನ್ನು ನೆಲದ ಮೇಲೆ ಗೀಚಿ, ಅವರ ಭಕ್ತಿಯನ್ನು ಬೇಕಾದಷ್ಟು ಮಾತ್ರ ಇಳಿಸಿ ಕಳಿಸುತ್ತಾಳೆ. ಎಡಗಡೆ ಬಿದ್ದವರು ನನ್ನ ಬಳಿಗೆ ಬರುತ್ತಾರೆ. “ಫಕೀರಪ್ಪಣ್ಣಾ, ನಿನ್ನೆಯಿಂದ ಕಿವಿ ಮ್ಯಾಲ ಬಿಸಲ ಬೀಳಾಕತ್ತೈತಿ, ಒಂದೀಟು ಏನರ ಹೇಳು” ಎನ್ನುತ್ತಾರೆ. ನಾನು ಹೇಳುತ್ತೇನೆ.

ಹೇಳುವುದೆಂದರೆ ಸುಮ್ಮನೆ ಅಲ್ಲ. ಈ ಭೂಮಿಯ ಮೇಲೆ ಈ ವಿದ್ಯೆ ಬಲ್ಲವನು ನಾನೊಬ್ಬನೇ, ಉಳಿದಿಬ್ಬರು ನನ್ನ ಹತ್ತಿರ ಕಲಿಯಲು ಬಂದು ಅಳುತ್ತಾ ವಾಪಸಾದರು. ಸೋಜಿಗವನ್ನು ಮೊದಲ ಮಾತಿಗೇ ತಂದು ಸುರಿದರೆ ಕೇಳುವವರು ನಗುತ್ತಾರೆ. ಮೊದಲು ಕಿತ್ತುಹೋದ ಚಪ್ಪಲಿಯ ಮಾತು ತೆಗೆಯಬೇಕು, ಅದನ್ನು ಹೊಲಿಸಲು ಹೋದ ಅಂಗಡಿ ಮುಚ್ಚಿತ್ತೆನ್ನಬೇಕು, ಬರಿಗಾಲು ಸುಡುತ್ತಿತ್ತೆನ್ನಬೇಕು. ಆಗ ಅವರು ನಮ್ಮ ಜೊತೆ ನಡೆಯುತ್ತಿರುತ್ತಾರೆ, ಏನು ಎದುರಾದರೂ ಜೊತೆಗೇ ನಿಲ್ಲುತ್ತಾರೆ. ಒಂದಾನೊಂದು ರಾಜ್ಯದಲ್ಲಿ ಹೀಗಾಯಿತು ಎಂದರೆ ಅದು ಮಕ್ಕಳ ಕಥೆ, ಒಂದು ಕೂದಲೂ ವಾಲುವುದಿಲ್ಲ. ‘ನಾನು ಕಂಡೆ’ ಎನ್ನಬೇಕು. ನಾನು ಎನ್ನುವವನು ಕಂಡಿರಲೂಬಹುದು, ಬುರುಡೆ ಬಿಡುತ್ತಿರಲೂಬಹುದು. ಆ ಅನುಮಾನವೇ ನಮ್ಮ ಬಂಡವಾಳ. ಎಲ್ಲಕ್ಕಿಂತ ಮುಖ್ಯ, ಮುಗಿಸಬಾರದು. ಏನಿತ್ತು ಎಂದು ಹೇಳಿಬಿಟ್ಟರೆ ಅವರು ಎದ್ದು ಮನೆಗೆ ಹೋಗುತ್ತಾರೆ, ಬಿಸಿಲನ್ನೂ ಜೊತೆಗೆ ಕಟ್ಟಿಕೊಂಡು.

ಒಂದು ಸಲ ಪಟ್ಟಣದಿಂದ ಒಬ್ಬ ಪ್ರೊಫೆಸರು ಬಂದಿದ್ದರು. ನೆರಳನ್ನು ಮೂರು ಸುತ್ತು ಹಾಕಿ, ಕನ್ನಡಕ ಒರೆಸಿಕೊಂಡು, ಇದು ನೆರಳೇ ಅಲ್ಲ, ಈ ಊರಿನ ಕಳೆದುಹೋದ ತಾಯ್ತನದ ಸಂಕೇತ ಎಂದರು. ಜನ ತಲೆದೂಗಿದರು. ತಲೆದೂಗಿದ್ದೇ ತಡ, ನೆರಳು ಹಳೆಯ ಪಂಚೆಯ ಹಾಗೆ ತೆಳುವಾಯಿತು. ಅದು ಬಿಸಿಲೂ ಅಲ್ಲ, ನೆರಳೂ ಅಲ್ಲ, ಕುದಿಯುವ ಮುಂಚಿನ ನೀರಿನ ಹಾಗೆ ಏನೋ ಒಂದು. ಎಡ, ಬಲ ಎಂಬ ಭೇದವಿಲ್ಲದೆ ಎಲ್ಲರೂ ಬೆವರತೊಡಗಿದರು. ಅಂಬಕ್ಕನೇ ಎದ್ದಳು.

“ಸಾಹೇಬ್ರ, ಒಂದ ಮಾತು. ಸಂಕೇತದ ಬುಡಕ ಕುಂತ್ರ ತಲಿ ತಣ್ಣಗಾಗತೈತೇನ್ರಿ?”

ಜನ ನಕ್ಕರು. ನೆರಳು ಗಪ್ಪನೆ ಬಂದು ಬಿತ್ತು, ಪ್ರೊಫೆಸರರ ಬೋಳು ತಲೆಯ ಮೇಲೂ. ಅವರು ಕೈಯೆತ್ತಿ ತಲೆ ಮುಟ್ಟಿ ನೋಡಿಕೊಂಡು, ಮೇಲೆ ನೋಡುತ್ತಲೇ ನಿಂತರು. ಆ ದಿನ ಕೊನೆಯ ಬಸ್ಸು ತಪ್ಪಿಸಿಕೊಂಡರು.

ಇನ್ನು ಹಂಪವ್ವನ ವಿಷಯ. ಅವಳಿಗೆ ನಲವತ್ತರ ಹತ್ತಿರ. ಹುಟ್ಟಿದಾಗಿನಿಂದ ಅವಳ ಚರ್ಮಕ್ಕೆ ಬಿಸಿಲು ಆಗದು. ಹತ್ತು ನಿಮಿಷ ಬಿದ್ದರೆ ಗುಳ್ಳೆ ಏಳುತ್ತದೆ, ಅರ್ಧ ತಾಸಾದರೆ ಸುಲಿಯುತ್ತದೆ. ಎಂಟು ವರ್ಷ ತುಂಬುವವರೆಗೆ ಅವಳು ಕಿಟಕಿ ಮುಚ್ಚಿದ ಕೋಣೆಯಲ್ಲೇ ಬೆಳೆದಳು. ಆಮೇಲೆ ಯಾರೋ ಅವಳನ್ನು, ಏನೂ ಕಾಣದಂತೆ ತಲೆತುಂಬ ಕಂಬಳಿ ಹೊದಿಸಿ, ನೆರಳಿಗೆ ಕರೆತಂದರು. ಅಂದಿನಿಂದ ಅವಳ ಹಗಲೆಂದರೆ ಆ ನೆರಳು. ಬೆಳಕು ಹರಿಯುವ ಮುಂಚೆ ಬಂದು, ಹೊತ್ತು ಮುಳುಗಿದ ಮೇಲೆ ಹೋಗುತ್ತಿದ್ದಳು. ನೆರಳಿನ ಅಂಚಿನಲ್ಲಿ ಶ್ಯಾವಿಗೆ ಮಷಿನ್ ಹಾಕಿಕೊಂಡಿದ್ದಳು. ಒಳಗೆ ತಂಪಿನಲ್ಲಿ ಅವಳು ಹಿಡಿ ತಿರುಗಿಸುವುದು, ಒಂದು ಮೊಳದಾಚೆ ಬಿಸಿಲಿನಲ್ಲಿ ಕೋಲುಗಳ ಮೇಲೆ ಶ್ಯಾವಿಗೆ ಒಣಗುವುದು. ಬಿಸಿಲಿನ ಕಡೆಯ ಕೋಲು ತಿರುವಲು ಹೋಗಿ ಬರುವವರು ಯಾರಾದರೂ ಕೈ ಹಾಕುತ್ತಿದ್ದರು. ಅವಳಷ್ಟು ಸಮನಾಗಿ ತೂಗಾಡುವ ಮನಸ್ಸು ಊರಲ್ಲೇ ಇನ್ನೊಂದಿರಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಅವಳ ಮೇಲೆ ಒಂದು ಚುಕ್ಕಿ ಬಿಸಿಲು ಬಿದ್ದದ್ದನ್ನು ನಾನು ಕಂಡಿರಲಿಲ್ಲ. ನನ್ನ ಮೇಲೂ ಬಿದ್ದಿರಲಿಲ್ಲ, ಆದರೆ ನನ್ನದು ವಿದ್ಯೆಯ ಬಲ.

ಈ ವರ್ಷ ಬೇಸಿಗೆಯಲ್ಲಿ ತಾಲೂಕಿನ ಆಸ್ಪತ್ರೆಗೆ ಹೊಸ ಡಾಕ್ಟರು ಬಂದರು. ಮುಸ್ಸಂಜೆ ಹಂಪವ್ವನನ್ನು ಜೀಪಿನಲ್ಲಿ ಕರೆದೊಯ್ದು ತೋರಿಸಿದರು. ಡಾಕ್ಟರಮ್ಮ ಅವಳ ರೋಗಕ್ಕೆ ಒಂದು ಹೆಸರು ಹೇಳಿ, ಅದನ್ನು ಚೀಟಿಯಲ್ಲಿ ಬರೆದುಕೊಟ್ಟರು. ಮರುದಿನ ಹಂಪವ್ವ ಆ ಚೀಟಿಯನ್ನು ಮಷಿನಿನ ಪಕ್ಕಕ್ಕಿಟ್ಟು ನನ್ನನ್ನು ಕರೆದಳು.

“ಕಾಕಾ, ನಲವತ್ತ ವರ್ಷ ಇದು ಶಾಪ ಅಂದ್ರು, ಪುಣ್ಯ ಅಂದ್ರು, ಏನೇನೋ ಅಂದ್ರು. ನೋಡಿದ್ರ ಇದಕ್ಕೊಂದು ಹೆಸರೈತಿ. ನನ್ನ ರೋಗಕ್ಕ ಹೆಸರ ಇದ್ದ ಮ್ಯಾಲ ಈ ನೆಳ್ಳಿಗೂ ಒಂದು ಇರಬೇಕಲ?”

ಅವಳ ಎಡ ಮಣಿಕಟ್ಟಿನ ಮೇಲೆ ಬಟಾಣಿ ಕಾಳಿನಷ್ಟು ಬಿಸಿಲು ಕೂತಿತ್ತು. ಅವಳೂ ಅದನ್ನು ನೋಡುತ್ತಿದ್ದಳು, ಮೊದಲ ಸಲ ಮನೆಗೆ ಬಂದ ಅತಿಥಿಯನ್ನು ನೋಡುವ ಹಾಗೆ.

ನಾನು ಹೇಳಲು ಕೂತೆ. ಚಪ್ಪಲಿಯ ಮಾತು ತೆಗೆದೆ. “ಅದು ಗೊತ್ತೈತಿ ಕಾಕಾ” ಎಂದಳು. ಹಕ್ಕಿಯ ನೆರಳು ನನ್ನ ಹೆಗಲ ಮೇಲೆ ಕೂತು ಭಾರವಾದ ಕಥೆ ಎತ್ತಿದೆ. “ಅದೂ ಗೊತ್ತೈತಿ.” ಇಪ್ಪತ್ತೆರಡು ವರ್ಷ ನನ್ನ ಪಕ್ಕದಲ್ಲೇ ಕೂತವಳು, ನನ್ನ ಬತ್ತಳಿಕೆಯಲ್ಲಿ ಅವಳು ಕೇಳದ ಬಾಣ ಯಾವುದಿತ್ತು? ನನಗೆ ಅವಮಾನವಾಯಿತು. ಬಿಸಿಲು ಹುಣಸೆ ಬೀಜದಷ್ಟಾಗಿತ್ತು. ಆಗ ನಾನು, ಯಾವ ಹೇಳುವವನೂ ಮಾಡಬಾರದ್ದನ್ನು ಮಾಡಿದೆ.

“ಇದನ್ನ ಯಾರ ಮುಂದೂ ಹೇಳಿಲ್ಲವ್ವಾ” ಎಂದೆ. “ನಾ ಸಣ್ಣ ಹುಡುಗ ಇದ್ದಾಗ ನಮ್ಮಪ್ಪನ ಕೂಡ ಪಾತ್ರಿ ಮಾರಾಕ ಈ ಊರಿಗೆ ಬಂದಿದ್ದೆ. ಆಗ ಇಲ್ಲಿ ನೆಳ್ಳ ಇರಲಿಲ್ಲ. ಬಟಾಬಯಲು. ನಿನ್ನ ಮನಿ ಬಾಗಲಾ ತಗದ್ರು. ನೀ ಹೊರಗ ಕಾಲಿಟ್ಟಿ. ನಿನ್ನ ಹಿಂದ, ಒಂದು ಆಕಳ ಬಂದಂಗ, ಈ ನೆಳ್ಳ ಬಂತು. ನೀ ನಡದ್ರ ನಡೀತು, ನೀ ನಿಂತ್ರ ನಿಂತಿತು. ನೀ ಇಲ್ಲಿ ಬಂದು ಕುಂತಿ. ಅದೂ ಕುಂತಿತು. ಅದು ನಿನಗಂತನ ಬಂದದ್ದು, ಹಂಪವ್ವಾ.”

ನೆರಳು ಯಾವಾಗ ಬಂತೆಂದು ಊರಲ್ಲಿ ಇಬ್ಬರು ಒಂದೇ ಮಾತು ಹೇಳುವುದಿಲ್ಲ, ಹಾಗಾಗಿ ನನ್ನನ್ನು ಹಿಡಿಯುವವರಿರಲಿಲ್ಲ. ಹಂಪವ್ವ ಮಷಿನಿನ ಹಿಡಿ ಬಿಟ್ಟು ನನ್ನ ಮುಖವನ್ನೇ ನೋಡಿದಳು. ಎಡ ಮಣಿಕಟ್ಟಿನ ಬಿಸಿಲು ಹಾರಿಹೋಯಿತು. ಅಂಥ ಕಥೆಯನ್ನು ನಾನು ಹಿಂದೆ ಹೇಳಿರಲಿಲ್ಲ, ಮುಂದೆ ಹೇಳಲಾರೆ. ಮೀಸೆ ತಿರುವಿಕೊಂಡು ಮನೆಗೆ ಹೋದೆ.

ಮೂರನೆಯ ದಿನ ಅವಳ ಬಲ ಮುಂಗೈ ಮೇಲೆ ಬಿಸಿಲು ಬಿತ್ತು. ಒಂದು ವಾರದಲ್ಲಿ ಮೊಣಕೈ ತಲುಪಿತು. ಅವಳು ಕಪ್ಪು ಕಂಬಳಿ ಹೊದ್ದು ನೆರಳಿನಲ್ಲಿ ಕೂರತೊಡಗಿದಳು. ಕಂಬಳಿಯ ಬಲಭಾಗ ಮಾತ್ರ ಬೆಳಗುತ್ತಿತ್ತು. ಅಂಬಕ್ಕ ದಿನಾ ಬಂದು ಗುಡ್ಡದ ಸೀಳು ತೋರಿಸಿದಳು, ಸರಪಳಿ ಎಳೆದಳು, ಹಾಳೆಗಟ್ಟಲೆ ಕೋನ ಬರೆದಳು. ಹಂಪವ್ವ ಎಲ್ಲವನ್ನೂ ಗಮನವಿಟ್ಟು ಕೇಳಿ ಕೊನೆಗೆ ಅಂದಳು, “ಅಕ್ಕಾ, ನೀವ ಹೇಳೂದು ಖರೇನ ಇರಬಹುದು. ಆದರ ಅದು ನನ್ನ ಹಿಂದ ಬಂತಲ್ರಿ. ನಾ ಯಾರಿಗೂ ಬ್ಯಾಡಾದಾಗ ಅದು ಬಂತಲ್ರಿ.” ಹಾಗನ್ನುವಾಗ ಅವಳ ಮುಖದ ಮೇಲೆ ಎಂಥ ಕಳೆ ಇತ್ತೆಂದರೆ, ಅಂಬಕ್ಕ ಹಾಳೆಗಳನ್ನು ಮಡಚಿಕೊಂಡು ಎದ್ದುಬಂದಳಂತೆ.

ಹದಿನೈದನೆಯ ದಿನ ಶ್ಯಾವಿಗೆ ಮಷಿನನ್ನು ಕೈಗಾಡಿಯ ಮೇಲೆ ಮನೆಗೆ ಸಾಗಿಸಿದರು. ಮರುದಿನ ಮನೆಯ ಕಿಟಕಿಗೆ ಗೋಣಿ ಹೊಡೆಯಲು ಬಡಗಿ ಬರುವವನಿದ್ದ. ಮಷಿನು ಹೋದದ್ದೇ ಅಂಬಕ್ಕ ನನ್ನ ಮನೆಯ ಬಾಗಿಲಲ್ಲಿ ನಿಂತಳು.

“ಏನ ಹೇಳಿದ್ಯೋ ಫಕೀರಪ್ಪಾ ಆ ಹುಡುಗಿಗೆ?”

“ನನ್ನ ಜೀವಮಾನದಾಗ ಶ್ರೇಷ್ಠ ಅನ್ನೂದು ಹೇಳೀನಿ ಅಕ್ಕಾ.”

“ಅದ ತಪ್ಪಾಗೇತಿ. ಕೊನಿ ಮುಟ್ಟಿಸಿ ಹೇಳಿದ್ಯೋ ಇಲ್ಲೋ?”

ನಾನು ಮೀಸೆಯ ಮೇಲಿನ ಕೈ ಕೆಳಗಿಳಿಸಿದೆ.

“ನಾ ಎಷ್ಟ ಕಾರಣ ಕೊಟ್ರೂ ಅದು ನಿನ್ನ ಮಾತಿನ ಮ್ಯಾಲ ನಿಂತೈತಿ. ನೀ ಹಾಕಿದ್ದು, ನೀನ ತಗೀಬೇಕು. ನಾಳೆ ಆಕಿ ಒಳಗ ಹೋದ್ಲಂದ್ರ ಹೊರಗ ಬರೂದು ಹೆಣಾ ಆದಾಗ.”

ನಾನು ಹೋದೆ. ನಿಜ ಹೇಳಲು ಹೋದೆನೆಂದು ತಿಳಿಯಬೇಡಿ. ನಾನು ಸುಳ್ಳು ಹೇಳಿದೆನೆಂದು ಒಮ್ಮೆ ಗೊತ್ತಾದರೆ ಊರಿನಲ್ಲಿ ನನ್ನ ಬಳಿ ಯಾರು ಬರುತ್ತಾರೆ? ಮೊದಲಿನದಕ್ಕಿಂತ ದೊಡ್ಡದೊಂದು ಸುಳ್ಳು ಹೆಣೆದುಕೊಂಡು ಹೋಗಿದ್ದೆ. ನೆರಳು ಆ ದಿನ ಅವಳ ಹಿಂದೆ ಬಂದದ್ದೇನೋ ಸರಿ, ಆದರೆ ಅದೇ ವಾರ ಇನ್ನಿಬ್ಬರ ಹಿಂದೆಯೂ ಹೋಗಿತ್ತು ಎಂದು ಹೇಳುವುದು, ಹಾಗೆ ಅವಳನ್ನು ಅರ್ಧಕ್ಕೆ ಇಳಿಸುವುದು. ಜಗತ್ತಿನಲ್ಲಿ ಇಂಥ ಉಪಾಯ ಹೊಳೆಯುವ ತಲೆ ಇನ್ನೊಂದಿಲ್ಲ.

ಅಂಬಕ್ಕ ನನ್ನ ಹಿಂದೆಯೇ ಬಂದಳು. ಹಂಪವ್ವ ಕಂಬಳಿಯಲ್ಲಿ ಮುದುಡಿ ಕೂತಿದ್ದಳು. ಮಷಿನಿದ್ದ ಜಾಗದಲ್ಲಿ ನಾಲ್ಕು ಕಾಲುಗಳ ಗುರುತು ಮಾತ್ರ ಇತ್ತು. ನನ್ನನ್ನು ನೋಡಿ ಅವಳು ಕಂಬಳಿಯನ್ನು ಮುಖದಿಂದ ಸರಿಸಿದಳು. ಬಲಗೆನ್ನೆ ಕೆಂಪಾಗಿತ್ತು, ಕಿವಿಯ ಕೆಳಗೆ ನೀರುಗುಳ್ಳೆ ಎದ್ದಿತ್ತು. ಆದರೂ ನಗುತ್ತಿದ್ದಳು.

“ನೀ ಬರಲಿ ಅಂತಿದ್ದೆ ಕಾಕಾ. ನಾಳಿಂದ ಒಳಗ. ಹೋಗೂ ಮುಂದ ಅದನ್ನ ಇನ್ನೊಂದ ಸಲ ಹೇಳಿಬಿಡು.”

ಹೇಳಿದೆ. ಬಾಗಿಲು ತೆಗೆದದ್ದು, ಅವಳು ಕಾಲಿಟ್ಟದ್ದು, ನೆರಳು ಆಕಳಂತೆ ಹಿಂದೆ ಬಂದದ್ದು. ಇನ್ನಿಬ್ಬರನ್ನು ತರಬೇಕು ಎನ್ನುವಷ್ಟರಲ್ಲಿ ಅವಳು ಕಣ್ಣು ಮುಚ್ಚಿಕೊಂಡೇ ಕೇಳಿದಳು, “ಆವಾಗ ನಮ್ಮವ್ವ ಬಾಗಿಲದಾಗ ನಿಂತಿದ್ಲೇನು?”

“ನಿಂತಿದ್ಲವ್ವಾ.”

“ಏನ ಮಾಡಿದ್ಲು?”

ಇಲ್ಲಿ ನಿಲ್ಲಬೇಕಿತ್ತು. ಗೊತ್ತಿತ್ತು. ಆದರೆ ಅಷ್ಟು ಆಸೆಯಿಂದ ಕೇಳುವವರ ಮುಂದೆ ಬರಿಗೈಯಲ್ಲಿ ಕೂರುವುದು ನನ್ನಿಂದ ಆಗದ ಕೆಲಸ. “ಕೂಗಿ ಹೇಳಿದ್ಲು” ಎಂದೆ. “ಹೋಗು ಮಗಳ, ನಿನ್ನ ನೆಳ್ಳ ಬಂದೈತಿ, ಅಂದ್ಲು. ಗಟ್ಟಿ ದನಿ ಆಕಿದು. ಸಂತಿ ಮಂದಿ ಎಲ್ಲಾ ತಿರುಗಿ ನೋಡಿದ್ರು.”

ಹಂಪವ್ವ ಕಣ್ಣು ತೆರೆದಳು. ಬಹಳ ನಿಧಾನವಾಗಿ ತೆರೆದಳು.

“ನಮ್ಮವ್ವಗ ಮಾತ ಬರತಿರಲಿಲ್ಲ ಕಾಕಾ. ಆಕಿ ಹುಟ್ಟಾ ಮೂಕಿ.”

ಅಂಬಕ್ಕ ನೆಲ ನೋಡಿದಳು. ನಾನು ಏನಾದರೂ ಹೇಳಬಹುದಿತ್ತು, ಪವಾಡದ ದಿನ ಮೂಕರಿಗೂ ಮಾತು ಬರುತ್ತದೆ ಎನ್ನಬಹುದಿತ್ತು, ಅದು ನಾಲಿಗೆಯ ತುದಿಗೂ ಬಂದಿತ್ತು. ಅವಳ ಮುಖ ನೋಡಿ ನುಂಗಿಕೊಂಡೆ. ಅವಳ ಬಲಗೆನ್ನೆಯಿಂದ ಬಿಸಿಲು ಜಾರಿತು. ಹೆಗಲಿನಿಂದ, ತೋಳಿನಿಂದ, ಬೆರಳಿನಿಂದ ಜಾರಿತು. ಒಂದೇ ಒಂದು ಕ್ಷಣ ಅವಳು ಅಡಿಯಿಂದ ಮುಡಿಯವರೆಗೆ ನೆರಳಿನಲ್ಲಿದ್ದಳು. ಮರುಕ್ಷಣ ಎಡ ಮಣಿಕಟ್ಟು ಬೆಳಗಿತು.

“ಹಂಗಾರ ಎಲ್ಲಾ ಸುಳ್ಳ” ಎಂದಳು ಹಂಪವ್ವ. ಸಿಟ್ಟಿನಿಂದಲ್ಲ. “ಹಕ್ಕಿ ಸುಳ್ಳ, ಚಪ್ಪಲಿ ಸುಳ್ಳ. ಗುಡ್ಡದ ಸೀಳು, ಕೆರಿ ನೀರು, ಅಷ್ಟ. ಅಂಬಕ್ಕ ಹೇಳಿದ್ದ ಖರೆ.”

ಬಿಸಿಲು ಮೊಣಕೈಗೆ ಏರಿತು. ಬಲಗೈಯಲ್ಲಿ ಒಂದು ವಾರದಲ್ಲಿ ಏರಿದ್ದಷ್ಟು ಈಗ ನಮ್ಮ ಕಣ್ಣೆದುರಿಗೇ ಏರುತ್ತಿತ್ತು. ಅಂಬಕ್ಕ ನನ್ನ ತೋಳು ಹಿಡಿದು ಅಲ್ಲಾಡಿಸಿದಳು.

“ನನಗ ಗೆಲ್ಲೂದು ಬ್ಯಾಡೋ ಫಕೀರಪ್ಪಾ. ಏನರ ಹೇಳು. ಖರೇದು ಒಂದರ ಇದ್ರ ಅದನ್ನ ಹೇಳು.”

ಖರೆಯದು ಒಂದೇ ಒಂದಿತ್ತು. ಯಾರಿಗೂ ಹೇಳಿರಲಿಲ್ಲ, ಏಕೆಂದರೆ ಅದರಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ. ಅಲ್ಲೇ ಮಣ್ಣಿನಲ್ಲಿ ಕೂತೆ.

“ನಾ ಸಣ್ಣ ಹುಡುಗ ಇದ್ದಾಗ ಈ ಊರಿಗೆ ಬಂದಿಲ್ಲವ್ವಾ” ಎಂದೆ. “ನಮ್ಮಪ್ಪ ಪಾತ್ರಿ ಮಾರಿಲ್ಲ. ಈ ಊರು ನಾ ನೋಡಿದ್ದ ಇಪ್ಪತ್ತೆರಡು ವರ್ಷದ ಹಿಂದ, ಹಲ್ಲುಪುಡಿ ಮಾರಾಕ ಬಂದಾಗ. ಬಸ್ಸಿನ್ಯಾಗ ಗಂಟಲಾ ಹರಕೊಂಡ್ರೂ ಯಾರೂ ತಗೋಳಿಲ್ಲ. ಕಂಡಕ್ಟರ ಇಳಿಸಿದಾ. ಬಿಸಲು. ಇಲ್ಲಿ ಬಂದೆ. ತಂಪಿತ್ತು. ಮರಾ ಐತಿ ಅಂತ ತಿಳಕೊಂಡೆ. ಮ್ಯಾಲೆ ನೋಡಲಿಲ್ಲ, ಯಾರ ನೋಡತಾರ? ಚೀಲಾ ಟೊಂಗಿಗೆ ಹಾಕೂಣು ಅಂತ ಕೈ ಎತ್ತಿದೆ. ಟೊಂಗಿ ಇರಲಿಲ್ಲ. ಚೀಲಾ ಕೆಳಗ ಬಿತ್ತು. ಗುಲಾಬಿ ಬಣ್ಣದ ಪುಡಿ, ಎಲ್ಲಾ ನೆಲದ ಮ್ಯಾಲ ಚಲ್ಲಿತು. ಆ ಪುಡಿ ಮ್ಯಾಲ ಎಲಿ ನೆಳ್ಳ ಅಲ್ಲಾಡಾಕತ್ತಿದ್ವು. ಗಾಳಿ ಇರಲಿಲ್ಲ. ಪುಡಿ ಒಂದ ಕಣಾನೂ ಹಾರತಿರಲಿಲ್ಲ. ಎಲಿ ಮಾತ್ರ ಅಲ್ಲಾಡತಿದ್ವು.”

ಹಂಪವ್ವ ನನ್ನನ್ನೇ ನೋಡುತ್ತಿದ್ದಳು. “ಆಮ್ಯಾಲ?”

“ಓಡಿದೆ.”

“ಓಡಿದ್ಯಾ?”

“ಚೀಲಾ ಬಿಟ್ಟು ಓಡಿದೆ. ಅಲ್ಲಿ, ಬಾವಿ ಕಟ್ಟಿ ತನಕ. ಬಿಸಲಾಗ ನಿಂತು ಇದನ್ನ ನೋಡಿಕೋತ ಅಳಾಕತ್ತಿದ್ದೆ. ಎಷ್ಟ ಹೊತ್ತು ಅಂತ ಗೊತ್ತಿಲ್ಲ. ಹೆದರಿಕಿ ಅಂದ್ರ ಹೆದರಿಕಿ. ಆದರ ಬಿಟ್ಟು ಹೋಗಾಕ ಮನಸಾಗವಲ್ದು. ಕಡೀಕ ಒಂದ ಕಾಲು ಒಳಗ ಇಟ್ಟೆ. ತಣ್ಣಗಿತ್ತು.”

“ಅಷ್ಟ?”

“ಅಷ್ಟ.”

“ಹಕ್ಕಿ ಹೆಗಲ ಮ್ಯಾಲ ಕುಂತದ್ದು?”

“ಕುಂತಿಲ್ಲ.”

“ನಮ್ಮವ್ವ?”

“ನಾ ಈ ಊರಿಗೆ ಬರೂ ಮುಂಚೇನ ನಿಮ್ಮವ್ವ ತೀರಿದ್ಲು, ಆಕಿ ಮಾರಿ ಸೈತ ನೋಡಿಲ್ಲ. ತಪ್ಪಾತು.”

ನಾನು ತಲೆ ತಗ್ಗಿಸಿಕೊಂಡೇ ಇದ್ದೆ. ಅಂಬಕ್ಕ ನನ್ನ ಬೆನ್ನ ಮೇಲೆ ಕೈ ಇಟ್ಟಾಗಲೇ ಕತ್ತೆತ್ತಿದ್ದು. ಹಂಪವ್ವ ಎಡಗೈಯನ್ನು ಮುಂದಕ್ಕೆ ಚಾಚಿ ಹಿಡಿದಿದ್ದಳು. ಬಿಸಿಲು ಮೊಣಕೈಯಿಂದ ಮಣಿಕಟ್ಟಿಗೆ, ಮಣಿಕಟ್ಟಿನಿಂದ ಕಿರುಬೆರಳಿನ ಉಗುರಿಗೆ ಇಳಿದು, ಅಲ್ಲಿ ತುಸು ಹೊತ್ತು ಅನುಮಾನಿಸಿ, ಹೋಯಿತು. ಅಂಗೈ ತುಂಬ ಎಲೆಗಳ ನೆರಳು ಆಡುತ್ತಿತ್ತು. ಗಾಳಿ ಇರಲಿಲ್ಲ. ಅವಳು ಕಂಬಳಿಯನ್ನು ಹೆಗಲಿನಿಂದ ಕೆಳಗೆ ಜಾರಿಸಿದಳು.

“ಹಂಗಾರ ಇದು ಏನು ಕಾಕಾ?” ಎಂದಳು. “ಈಗರ ಖರೆ ಹೇಳು.”

“ಗೊತ್ತಿಲ್ಲವ್ವಾ” ಎಂದೆ. “ಇಪ್ಪತ್ತೆರಡು ವರ್ಷ ಆತು. ಇವತ್ತಿಗೂ ಒಳಗ ಬರೂ ಮುಂದ ಒಂದೀಟು ನಿಂತು, ಮ್ಯಾಲ ನೋಡೇ ಬರತೀನಿ.”